ಕಂಪ್ಯೂಟರಿಗೂ ಅರಳುಮರಳು

ಮರೆವಿನಲ್ಲಿ ಎರಡು ಬಗೆ. ಕನ್ನಡಕ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕುವ ಅಜ್ಜನದು ಒಂದು ಬಗೆ. ಅದರಿಂದ ಯಾರಿಗೂ ದೊಡ್ಡ ನಷ್ಟವಿಲ್ಲ, ಕನ್ನಡಕ ಅಜ್ಜನ ಹಣೆಯ ಮೇಲೆಯೇ ಇರುತ್ತದೆ. ಕೊಟ್ಟ ಸಾಲ ನೂರು ರೂಪಾಯಿಯಾದರೂ ಒಂಬೈನೂರೆಂದು ಆಣೆ ಇಟ್ಟು ಸಾಧಿಸುವ ಅಜ್ಜನದು ಇನ್ನೊಂದು ಬಗೆ. ಮೊದಲನೆಯವನಿಗೆ ತಾನು ಮರೆತದ್ದು ಗೊತ್ತು, ಎರಡನೆಯವನಿಗೆ ಗೊತ್ತಿಲ್ಲ. ಮನೆಯಲ್ಲಿ ಜಗಳ ಹುಟ್ಟುವುದು ಈ ಎರಡನೆಯ ಮರೆವಿನಿಂದ.

ಮೇಜಿನ ಮೇಲೆ ಕುಳಿತ ಕಂಪ್ಯೂಟರಿಗೂ ಈ ಎರಡು ಬಗೆಯ ಮರೆವು ಉಂಟು. ಕೆಲಸದ ನಡುವೆ ತೆರೆ ನೀಲಿಯಾಗಿ, ಯಂತ್ರ ತಾನೇ ಆರಿ ಮತ್ತೆ ಹೊತ್ತಿಕೊಂಡರೆ ಅದು ಮೊದಲನೆಯ ಬಗೆ. ಬೈದುಕೊಳ್ಳುತ್ತೇವೆ, ಮತ್ತೆ ಟೈಪು ಮಾಡುತ್ತೇವೆ. ಆದರೆ ಯಂತ್ರ ಏನೂ ಆಗದಂತೆ ನಡೆಯುತ್ತಲೇ ಇದ್ದು, ಒಳಗೆ ಒಂದು ಅಂಕಿಯನ್ನು ಸದ್ದಿಲ್ಲದೆ ಬದಲಿಸಿದರೆ? ಆಗ ಯಂತ್ರವನ್ನು ಯಾರೂ ಬೈಯುವುದಿಲ್ಲ, ಅದರ ಮುಂದೆ ಕುಳಿತವನನ್ನು ಬೈಯುತ್ತಾರೆ.

2019ರ ಬೇಸಿಗೆಯಲ್ಲಿ ಒಂದು ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯಲ್ಲಿ ನಡೆದದ್ದು ಇದೇ. ಬಸ್‌ನಿಲ್ದಾಣದ ಎದುರು, ಶೀಟು ಹೊದಿಸಿದ ಒಂದು ಕೋಣೆ. ಲಗ್ನಪತ್ರಿಕೆ, ಪಹಣಿ ಅರ್ಜಿ, ಬಾಡಿಗೆ ಕರಾರು, ಸಂಘದ ವರದಿ, ಹೀಗೆ ಊರಿನ ಕಾಗದಪತ್ರವೆಲ್ಲ ಅಲ್ಲಿಯೇ ಅಚ್ಚಾಗಬೇಕು. ಮಾಲೀಕರಿಗೆ ವಯಸ್ಸಾಗಿತ್ತು. ಟೈಪು ಮಾಡಲು ಪಿಯುಸಿ ಮುಗಿಸಿದ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದರು. ಕಂಪ್ಯೂಟರು ಹಳೆಯದು, ಕೈ ಬದಲಿಸಿ ಬಂದದ್ದು. ನಿಧಾನವಾಯಿತೆಂದು ಹಿಂದಿನ ವರ್ಷ ಅದಕ್ಕೆ 4 ಜಿಬಿಯ ಇನ್ನೊಂದು ರ‍್ಯಾಮ್ ಪಟ್ಟಿ ಹಾಕಿಸಿ ಒಟ್ಟು 8 ಜಿಬಿ ಮಾಡಿಸಿದ್ದರು. ಆ ಪಟ್ಟಿಯೂ ಹಳೆಯದೇ.

ಒಂದು ಮಹಿಳಾ ಸ್ವಸಹಾಯ ಸಂಘದ ಸಾಲ ಬಾಕಿ ಪಟ್ಟಿ ಅಲ್ಲಿ ಅಚ್ಚಾಯಿತು. ಸಭೆಯಲ್ಲಿ ಓದಿದಾಗ ಒಬ್ಬ ಸದಸ್ಯೆಯ ಹೆಸರಿನ ಮುಂದೆ 1,200 ಇರಬೇಕಾದಲ್ಲಿ 9,200 ಎಂದಿತ್ತು. ಆ ಹೆಂಗಸು ದಿಗಿಲುಬಿದ್ದು ಎದ್ದು ನಿಂತಳು. ನಾಲ್ಕು ಜನರ ಮುಂದೆ ಮಾನದ ಪ್ರಶ್ನೆ. ಅದೃಷ್ಟಕ್ಕೆ ಸಂಘದ ಅಧ್ಯಕ್ಷೆ ಕೈಬರಹದ ಪುಸ್ತಕದಲ್ಲಿ ಕೂಡಿಟ್ಟ ಮೊತ್ತ ಪಟ್ಟಿಯ ಕೊನೆಯಲ್ಲಿತ್ತು. ಮೇಲಿನ ಸಾಲುಗಳನ್ನು ಕೂಡಿದರೆ ಆ ಮೊತ್ತಕ್ಕಿಂತ ಸರಿಯಾಗಿ 8,000 ಹೆಚ್ಚು ಬರುತ್ತಿತ್ತು. ತಪ್ಪು ಅಚ್ಚಿನದೆಂದು ಗೊತ್ತಾಯಿತು. ಸಿಟ್ಟು ಅಂಗಡಿಯ ಕಡೆ ತಿರುಗಿತು, ಅಂಗಡಿಯವರ ಸಿಟ್ಟು ಹುಡುಗನ ಕಡೆ. ಆ ತಿಂಗಳ ಸಂಬಳದಲ್ಲಿ 500 ರೂಪಾಯಿ ಹಿಡಿದುಕೊಂಡರು. ಹದಿನೈದು ದಿನದ ಹಿಂದೆ ಒಂದು ಲಗ್ನಪತ್ರಿಕೆಯ ಕರಡಿನಲ್ಲಿ 10ನೇ ತಾರೀಕು 18 ಎಂದಾಗಿದ್ದದ್ದೂ ಆಗ ನೆನಪಿಗೆ ಬಂತು. ಇನ್ನೊಂದು ತಪ್ಪಾದರೆ ಬೇರೆ ಕೆಲಸ ನೋಡಿಕೋ ಎಂದರು. ತಾನು ಒಂದನ್ನೇ ಒತ್ತಿದ್ದೆ ಎಂದು ಹುಡುಗ ಹೇಳಿದ. ನಂಬುವವರು ಯಾರು? ಕಂಪ್ಯೂಟರು ತಪ್ಪು ಮಾಡುವುದಿಲ್ಲ ಎಂಬ ಗಾದೆ ಆ ಹೊತ್ತಿಗೆ ಊರಿಗೆಲ್ಲ ಬಾಯಿಪಾಠವಾಗಿತ್ತು.

ಅದೇ ದಿನಗಳಲ್ಲಿ ಯಂತ್ರ ಬೇರೆ ಚೇಷ್ಟೆಯನ್ನೂ ಆರಂಭಿಸಿತ್ತು. ಬೆಳಿಗ್ಗೆ ಸರಿ, ಮಧ್ಯಾಹ್ನ ಶೀಟು ಕಾದಮೇಲೆ ನೀಲಿ ತೆರೆ. ಒಂದು ದಿನ ಒಂದು ಕಾರಣ ತೋರಿಸಿದರೆ ಮರುದಿನ ಇನ್ನೊಂದು. ರಿಪೇರಿಯವನು ಬಂದು ವೈರಸ್ ಎಂದ. ವಿಂಡೋಸನ್ನು ಹೊಸದಾಗಿ ಹಾಕಲು ಹೋದರೆ ಅರ್ಧದಲ್ಲಿ ಒಂದು ಕಡತ ಕೆಟ್ಟಿದೆ ಎಂದು ನಿಂತಿತು. ಮತ್ತೆ ಹಾಕಿದರೆ ನಿಂತದ್ದು ಬೇರೆ ಕಡತದಲ್ಲಿ. ವಿದ್ಯಾರ್ಥಿಗಳಿಗೆ ಪಾಠ ಹೇಳುವಂತೆ ಹೇಳುವುದಾದರೆ, ಇಲ್ಲಿಯೇ ಒಂದು ಸುಳಿವಿದೆ. ಡಿಸ್ಕಿನಲ್ಲಿ ಕಡತ ಕೆಟ್ಟಿದ್ದರೆ ಪ್ರತಿಸಲ ಅದೇ ಕಡತದಲ್ಲಿ ನಿಲ್ಲಬೇಕು. ತಪ್ಪು ಸಲಸಲಕ್ಕೂ ಜಾಗ ಬದಲಿಸುತ್ತಿದೆ ಎಂದರೆ ಅದು ಪುಸ್ತಕದ್ದಲ್ಲ, ಓದುವವನ ನೆನಪಿನದು.

ರ‍್ಯಾಮ್ ಎಂದರೇನು? ಹಾರ್ಡ್‌ಡಿಸ್ಕು ನೋಟುಬುಕ್ಕಾದರೆ ರ‍್ಯಾಮ್ ಕರಿಹಲಗೆ. ನಡೆಯುತ್ತಿರುವ ಲೆಕ್ಕವೆಲ್ಲ ಹಲಗೆಯ ಮೇಲೆ, ಗಂಟೆ ಬಾರಿಸಿದೊಡನೆ ಒರೆಸಿಹೋಗುತ್ತದೆ. ಹಲಗೆಯಲ್ಲಿ ತಪ್ಪಾಗಿ ಬರೆದದ್ದನ್ನು ಮಕ್ಕಳು ನೋಟುಬುಕ್ಕಿಗೆ ತಪ್ಪಾಗಿಯೇ ಇಳಿಸಿಕೊಳ್ಳುವಂತೆ, ರ‍್ಯಾಮ್‌ನಲ್ಲಿ ಕೆಟ್ಟ ಅಂಕಿ ‘ಸೇವ್’ ಮಾಡಿದಾಗ ಕೆಟ್ಟೇ ಡಿಸ್ಕಿಗೆ ಹೋಗುತ್ತದೆ. ಡಿಸ್ಕಿನದು ತಪ್ಪಲ್ಲ, ಅದು ಕೊಟ್ಟದ್ದನ್ನು ಬರೆದುಕೊಂಡಿತು.

ಹಲಗೆಯ ಒಳಗೆ ಇಣುಕಿದರೆ ಒಂದೊಂದು ಬಿಟ್‌ಗೂ ಒಂದು ಪುಟ್ಟ ಕೆಪಾಸಿಟರು, ಅದಕ್ಕೊಂದು ಬಾಗಿಲಿನಂತೆ ಒಂದು ಟ್ರಾನ್ಸಿಸ್ಟರು. ಈ ಏರ್ಪಾಟನ್ನು 1966ರಲ್ಲಿ ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಕಂಡುಹಿಡಿದರು, 1968ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ ಎಂದಿಟ್ಟುಕೊಳ್ಳಿ. ತುಂಬಿದೆ ಎಂದರೂ ಎಷ್ಟು? ಕೆಲವು ಹತ್ತು ಸಾವಿರ ಎಲೆಕ್ಟ್ರಾನುಗಳು, ಅಷ್ಟೆ. ಇಂತಹ ಮಡಕೆಗಳು 8 ಜಿಬಿಯಲ್ಲಿ ಸುಮಾರು 6,872 ಕೋಟಿ. ಒಂದೊಂದೂ ಸೋರುತ್ತದೆ. ಸೋರಿ ಬರಿದಾಗುವ ಮೊದಲೇ ನೋಡಿ ಮತ್ತೆ ತುಂಬಬೇಕು. ಡಿಡಿಆರ್3, ಡಿಡಿಆರ್4 ಪಟ್ಟಿಗಳಲ್ಲಿ ಈ ಮರುಪೂರಣ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಂದು ಸುತ್ತು, ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೆರಡು ಸುತ್ತು. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಆದ್ದರಿಂದಲೇ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕೆಂಬ ನಿಯಮ. ಕೋಟಿಗಟ್ಟಲೆ ಮಡಕೆಗಳಲ್ಲಿ ಕೆಲವು ಹೆಚ್ಚು ಸೋರುವಂಥವಾದರೆ, ಸಾಮಾನ್ಯ ಸುತ್ತಿನಲ್ಲಿ ತುಂಬುವ ಹೊತ್ತಿಗೆ ಅವು ತಮ್ಮಲ್ಲಿದ್ದುದನ್ನು ಮರೆತಿರುತ್ತವೆ. ಬೆಳಿಗ್ಗೆ ಸರಿಯಿದ್ದ ಯಂತ್ರ ಮಧ್ಯಾಹ್ನ ಕೈಕೊಟ್ಟದ್ದು ಹೀಗೂ ಇರಬಹುದು.

ಮಡಕೆ ಗಟ್ಟಿಯಾಗಿದ್ದರೂ ಹೊರಗಿನಿಂದ ಕಲ್ಲು ಬೀಳುವುದುಂಟು. 1978ರಲ್ಲಿ ಇಂಟೆಲ್ ಕಂಪನಿಯ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಇಂತಹ ಒಂದು ಕಲ್ಲನ್ನು ಪತ್ತೆಮಾಡಿದರು. ಆಗಿನ ಮೆಮೊರಿ ಚಿಪ್ಪುಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ ತಿರುಗುತ್ತಿತ್ತು, ಆದರೆ ಚಿಪ್ಪು ಕೆಟ್ಟಿರುತ್ತಿರಲಿಲ್ಲ. ಮತ್ತೆ ಬರೆದರೆ ಸರಿಯಾಗಿಯೇ ಓದುತ್ತಿತ್ತು. ಹುಡುಕಿದಾಗ ಕಳ್ಳ ಸಿಕ್ಕಿದ್ದು ಚಿಪ್ಪಿಗೆ ಹೊದಿಸಿದ ಪಿಂಗಾಣಿಯ ಕವಚದಲ್ಲಿ. ಅದರಲ್ಲಿ ಬೆರೆತಿದ್ದ ಅತ್ಯಲ್ಪ ಯುರೇನಿಯಂ, ಥೋರಿಯಂ ಆಲ್ಫಾ ಕಣಗಳನ್ನು ಉಗುಳುತ್ತಿದ್ದವು. ಆಲ್ಫಾ ಕಣವೆಂದರೆ ಹೀಲಿಯಂನ ಬೀಜ, ಒಂದು ಹಾಳೆ ಕಾಗದ ಅಡ್ಡ ಹಿಡಿದರೆ ನಿಂತುಹೋಗುವಂಥದ್ದು. ಹೈಸ್ಕೂಲಿನಲ್ಲಿ ಓದಿದ ನೆನಪಿರಬಹುದು. ಆದರೆ ಇಲ್ಲಿ ಅದು ಹೊರಟದ್ದೇ ಚಿಪ್ಪಿಗೆ ತಾಗಿಕೊಂಡಿದ್ದ ಕವಚದಿಂದ. ಐದು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದು ಕಣ ಸಿಲಿಕಾನ್‌ನಲ್ಲಿ ನಿಲ್ಲುವಷ್ಟರಲ್ಲಿ ಸುಮಾರು 14 ಲಕ್ಷ ಎಲೆಕ್ಟ್ರಾನುಗಳನ್ನು ಬಿಡಿಸಿಬಿಡುತ್ತದೆ. ಪುಟ್ಟ ಮಡಕೆಗೆ ಅದೊಂದು ಕೆರೆ ಒಡೆದಂತೆ. ಆಮೇಲೆ ಕವಚದ ವಸ್ತುಗಳನ್ನು ಶುದ್ಧಗೊಳಿಸಿದರು, ಆ ಕಾಟ ಬಹುಮಟ್ಟಿಗೆ ತಗ್ಗಿತು.

ತಗ್ಗದೆ ಉಳಿದದ್ದು ಆಕಾಶದಿಂದ ಬರುವ ಕಲ್ಲು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟಿಸುವ ನ್ಯೂಟ್ರಾನುಗಳು ನೆಲದವರೆಗೂ ಇಳಿಯುತ್ತವೆ. ಅವು ಕಂಪ್ಯೂಟರಿನ ನೆನಪನ್ನು ಕೆಡಿಸಬಲ್ಲವೆಂದು 1979ರಲ್ಲಿ ಐಬಿಎಂನ ಜೇಮ್ಸ್ ಝೀಗ್ಲರ್ ಮತ್ತು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಲ್ಯಾನ್‌ಫರ್ಡ್ ಲೆಕ್ಕಹಾಕಿ ತೋರಿಸಿದರು. ಎತ್ತರಕ್ಕೆ ಹೋದಷ್ಟೂ ಇವುಗಳ ಮಳೆ ಜೋರು, ಭೂಗರ್ಭಕ್ಕೆ ಇಳಿದರೆ ಸುಳಿವಿಲ್ಲ. ಈ ಮಳೆಯಿಂದ ತಪ್ಪಿಸಿಕೊಳ್ಳಲು ನೆಲದೊಳಗೆ ಹೋಗುವ ಉಪಾಯ ನಮ್ಮ ರಾಜ್ಯಕ್ಕೆ ಹಳೆಯದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ಸಂಗಡಿಗರೊಡನೆ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದ್ದು ಅದೇ ಉಪಾಯದಿಂದ. ಮೇಲಿನ ಬಂಡೆಗಳೆಲ್ಲ ವಿಶ್ವಕಿರಣಗಳ ಗದ್ದಲವನ್ನು ತಡೆದವು. ಆ ಗಣಿ 2001ರಲ್ಲಿ ಮುಚ್ಚಿತು.

ಬೆಲ್ಜಿಯಂ ದೇಶದ ಸ್ಕಾರ್‌ಬೆಕ್ ಎಂಬಲ್ಲಿ 2003ರ ಮೇ 18ರಂದು ನಡೆದ ಚುನಾವಣೆಯ ಕತೆ ಇದಕ್ಕೆ ಸೇರಿದ್ದು. ಅಲ್ಲಿ ಮತದಾನ ಕಂಪ್ಯೂಟರಿನಲ್ಲಿ. ಎಣಿಸಿ ನೋಡಿದರೆ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವಿದ್ದುದಕ್ಕಿಂತ ಹೆಚ್ಚು ಮತ ಬಂದಿತ್ತು. ಮತ್ತೆ ಎಣಿಸಿದರು. ಹೆಚ್ಚಾಗಿದ್ದದ್ದು ಸರಿಯಾಗಿ 4,096. ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ಹನ್ನೆರಡು ಎರಡುಗಳ ಗುಣಲಬ್ಧ ಅಷ್ಟೇ ಬರುತ್ತದೆ. ಎಂದರೆ ಹದಿಮೂರನೆಯ ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿತ್ತು. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲ. ವಿಶ್ವಕಿರಣ ಬಡಿದಿರಬಹುದೆಂದು ಹಲವರು ಹೇಳುತ್ತಾರೆ, ಅದನ್ನು ರುಜುವಾತು ಮಾಡುವುದು ಸಾಧ್ಯವಾಗಲಿಲ್ಲ. ಬಡಿದ ಕಲ್ಲು ಗುರುತು ಉಳಿಸಿ ಹೋಗುವುದಿಲ್ಲವಷ್ಟೆ.

ಹಾಗೆಂದು ನಮ್ಮ ಕಂಪ್ಯೂಟರು ಕೈಕೊಟ್ಟಾಗಲೆಲ್ಲ ಆಕಾಶದ ಮೇಲೆ ಗೂಬೆ ಕೂರಿಸುವುದು ಬೇಡ. ಗೂಗಲ್ ಸಂಸ್ಥೆಯ ಸರ್ವರುಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನೂರು ಪಟ್ಟಿಗಳಲ್ಲಿ ಎಂಟಕ್ಕೂ ಹೆಚ್ಚು ಪಟ್ಟಿಗಳು ಒಮ್ಮೆಯಾದರೂ ತಪ್ಪಿದ್ದವು. ಆ ತಪ್ಪುಗಳಲ್ಲಿ ಹೆಚ್ಚಿನವು ಆಕಸ್ಮಿಕ ಬಡಿತಗಳಂತೆ ಕಾಣಲಿಲ್ಲ, ಪಟ್ಟಿಯ ಒಳಗಿನ ಊನಗಳಂತೆಯೇ ಕಂಡವು. ಒಮ್ಮೆ ತಪ್ಪಿದ ಪಟ್ಟಿಯೇ ಮತ್ತೆ ಮತ್ತೆ ತಪ್ಪುತ್ತಿತ್ತು. ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಮತ್ತೆ ಮತ್ತೆ ತಪ್ಪುವವನನ್ನು ಪರೀಕ್ಷೆ ಮಾಡಿ ಹಿಡಿಯಬಹುದು.

ಡಿಟಿಪಿ ಅಂಗಡಿಯ ಹುಡುಗ ಹಿಡಿದದ್ದು ಹೀಗೆ. ಒಂದು ಭಾನುವಾರ ಬೀಗದ ಕೈ ಕೇಳಿ ಪಡೆದು ಅಂಗಡಿ ತೆರೆದ. ಮೆಮ್‌ಟೆಸ್ಟ್86+ ಎಂಬ ಪುಕ್ಕಟೆ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದ. ಅದು ವಿಂಡೋಸನ್ನು ಬಿಟ್ಟು ತಾನೇ ನೇರವಾಗಿ ಯಂತ್ರವನ್ನು ಎಬ್ಬಿಸುತ್ತದೆ. ವಿಂಡೋಸ್ ಎದ್ದಿದ್ದರೆ ಹಲಗೆಯ ಒಂದು ಭಾಗದಲ್ಲಿ ಅದೇ ಕುಳಿತಿರುತ್ತದೆ, ಆ ಜಾಗವನ್ನು ಒರೆಸಿ ಬರೆದು ನೋಡಲಾಗುವುದಿಲ್ಲ. ಮೆಮ್‌ಟೆಸ್ಟ್ ಮಾಡುವ ಕೆಲಸ ಸರಳ: ಹಲಗೆಯ ತುಂಬ ಸೊನ್ನೆ ಬರೆ, ಓದು. ಒಂದು ಬರೆ, ಓದು. ಚದುರಂಗದ ಮನೆಯಂತೆ ಒಂದು ಸೊನ್ನೆ ಒಂದು ಸೊನ್ನೆ ಎಂದು ಬರೆ, ಓದು. ಬರೆದದ್ದೂ ಓದಿದ್ದೂ ಬೇರೆಯಾದರೆ ಕೆಂಪು ಸಾಲಿನಲ್ಲಿ ತೋರಿಸು. ಬೆಳಿಗ್ಗೆ ಒಂದು ಸುತ್ತು ಯಾವ ಕೆಂಪೂ ಇಲ್ಲದೆ ಮುಗಿಯಿತು. ಹುಡುಗ ಬಿಡಲಿಲ್ಲ. ಶೀಟು ಕಾದ ಮೇಲೆ ಎರಡನೆಯ ಸುತ್ತಿನಲ್ಲಿ ಕೆಂಪು ಸಾಲುಗಳು ಇಳಿಯತೊಡಗಿದವು.

ಅಷ್ಟಕ್ಕೇ ಪಟ್ಟಿ ಕೆಟ್ಟಿದೆ ಎನ್ನುವಂತಿಲ್ಲ. ಪಟ್ಟಿ ಕುಳಿತಿರುವ ಗೂಡು ಕೆಟ್ಟಿರಬಹುದು, ಸಂಪರ್ಕದ ಬಾಯಿಯಲ್ಲಿ ಧೂಳು ಕೂತಿರಬಹುದು. ಪ್ರಯೋಗಶಾಲೆಯ ಮೊದಲ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಿಸು. ಹುಡುಗ ವಿದ್ಯುತ್ ಪ್ಲಗ್ಗು ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಂಡು, ಪಟ್ಟಿಗಳೆರಡನ್ನೂ ಬಿಚ್ಚಿ, ಬಾಯಿ ಒರೆಸಿ ಮತ್ತೆ ಕೂರಿಸಿದ. ಕೆಂಪು ನಿಲ್ಲಲಿಲ್ಲ. ಆಮೇಲೆ ಹಳೆಯ ಪಟ್ಟಿಯೊಂದನ್ನೇ ಮೊದಲ ಗೂಡಿನಲ್ಲಿಟ್ಟ: ಶುದ್ಧ. ಅದನ್ನೇ ಎರಡನೆಯ ಗೂಡಿನಲ್ಲಿಟ್ಟ: ಶುದ್ಧ. ಹಿಂದಿನ ವರ್ಷ ಸೇರಿಸಿದ ಪಟ್ಟಿಯನ್ನು ಮೊದಲ ಗೂಡಿನಲ್ಲಿಟ್ಟ: ಕೆಂಪು. ಎರಡನೆಯದರಲ್ಲಿ: ಕೆಂಪು. ಒಂದೊಂದು ಸುತ್ತಿಗೂ ಹೊತ್ತು ಹಿಡಿಯುತ್ತದೆ, ಇದೆಲ್ಲ ಮುಗಿಯಲು ಎರಡು ಭಾನುವಾರ ಬೇಕಾಯಿತು. ಗೂಡು ನಿರಪರಾಧಿ, ಪಟ್ಟಿ ಅಪರಾಧಿ.

ಕೆಂಪು ಸಾಲುಗಳ ನಡುವೆ ಅವನಿಗೆ ಇನ್ನೊಂದು ಸಂಗತಿ ಕಂಡಿತು. ತಪ್ಪಿದ ವಿಳಾಸಗಳು ಬೇರೆ ಬೇರೆ. ಆದರೆ ಯಾವ ಬಿಟ್ ತಪ್ಪಿತೆಂದು ತೋರಿಸುವ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಒಂದೇ ಸಂಖ್ಯೆ, 00000008. ಬಲದಿಂದ ನಾಲ್ಕನೆಯ ಬಿಟ್, ಬೆಲೆ ಎಂಟು. ಕಂಪ್ಯೂಟರು ‘1’ ಎಂಬ ಅಕ್ಷರವನ್ನು ಬರೆದುಕೊಳ್ಳುವುದು 00110001 ಎಂದು. ಅದರಲ್ಲಿ ಬಲದಿಂದ ನಾಲ್ಕನೆಯ ಸೊನ್ನೆಯನ್ನು ಒಂದು ಮಾಡಿ ನೋಡಿ, 00111001. ಅದು ‘9’. ಹಾಗೆಯೇ ‘0’ ಎಂಬುದು 00110000, ಅದೇ ಬಿಟ್ ತಿರುಗಿದರೆ 00111000, ಅದು ‘8’. ಸಾಲದ ಪಟ್ಟಿಯಲ್ಲಿ 1,200 ಎಂಬುದು 9,200 ಆದದ್ದು, ಲಗ್ನಪತ್ರಿಕೆಯಲ್ಲಿ 10 ಎಂಬುದು 18 ಆದದ್ದು, ಎರಡಕ್ಕೂ ಒಂದೇ ಬಿಟ್ ಸಾಕು. ನ್ಯಾಯಾಲಯದಲ್ಲಿ ಇದು ಸಾಕ್ಷ್ಯವಾಗುತ್ತದೋ ಇಲ್ಲವೋ, ಕೀಲಿಮಣೆಯ ಮೇಲೆ ಒಂದು ಒಂದು ತುದಿಗೆ, ಒಂಬತ್ತು ಇನ್ನೊಂದು ತುದಿಗೆ ಇರುವಾಗ ಬೆರಳು ಜಾರಿತು ಎನ್ನುವುದಕ್ಕಿಂತ ಇದು ನಂಬುವ ಮಾತು.

ಹುಡುಗ ಎರಡೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಕಾಗದದಲ್ಲಿ ಬರೆದು ಮಾಲೀಕರಿಗೆ ತೋರಿಸಿದ. ಅವರು ಬಹಳ ಹೊತ್ತು ನೋಡಿದರು. ಕ್ಷಮೆ ಕೇಳುವುದು ಆ ಪೀಳಿಗೆಯ ರೂಢಿಯಲ್ಲ. ಮರುದಿನ ಹೊಸ ಪಟ್ಟಿ ತರಿಸಲು ಹುಡುಗನ ಕೈಗೆ ಹಣ ಕೊಟ್ಟರು. ಎಣಿಸಿದರೆ 500 ಹೆಚ್ಚಿತ್ತು. ಹೆಚ್ಚಾಗಿದೆ ಎಂದ. ಸರಿಯಾಗಿಯೇ ಇದೆ ಎಂದರು.

ಎಲ್ಲ ಮನೆಯ ಕಂಪ್ಯೂಟರಿನಲ್ಲೂ ಪಟ್ಟಿಯೇ ಅಪರಾಧಿ ಎಂದಲ್ಲ. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ವೇಗದ ಪಟ್ಟಿಗಳನ್ನು ಜೋಡಿಸಿದರೆ ಒಂದೊಂದೇ ಇದ್ದಾಗ ಸರಿಯಿರುವವು ಕೂಡಿಸಿದಾಗ ಜಗಳವಾಡುತ್ತವೆ, ಅತ್ತೆ ಸೊಸೆಯರಂತೆ. ಎರಡರ ಜಾಗದಲ್ಲಿ ನಾಲ್ಕು ಹಾಕಿದರೆ ಓಡಿಸುವುದು ಇನ್ನೂ ಕಷ್ಟ. ಹೊಸ ಯಂತ್ರಗಳಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಏರ್ಪಾಟನ್ನು ಚಾಲೂ ಮಾಡಿ ಪಟ್ಟಿಯನ್ನು ಸಾಮಾನ್ಯ ಮಾನಕಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದುಂಟು. ಡಿಡಿಆರ್4ರಲ್ಲಿ 1.2 ವೋಲ್ಟಿನ ಬದಲು 1.35 ವೋಲ್ಟು ಬೇಡುವ ವೇಗ ಅದು. ತೊಂದರೆ ಕಂಡರೆ ಬಯಾಸ್‌ಗೆ ಹೋಗಿ ಮೊದಲು ಅದನ್ನು ಆರಿಸಿ ಮತ್ತೆ ಪರೀಕ್ಷಿಸಬೇಕು. ವೇಗ ತಗ್ಗಿಸಿದರೆ ಸರಿಯಾಯಿತೆಂದರೆ ಪಟ್ಟಿ ಕೆಟ್ಟಿಲ್ಲ, ಓಡಿಸಿದ್ದು ಹೆಚ್ಚಾಯಿತು. ಯಾವ ಪಟ್ಟಿಯನ್ನು ಯಾವ ಗೂಡಿನಲ್ಲಿಟ್ಟರೂ ತಪ್ಪು ಬಂದರೆ ಸಂಶಯ ಪ್ರೊಸೆಸರಿನ ಮೇಲೆ, ಮದರ್‌ಬೋರ್ಡಿನ ಮೇಲೆ, ವಿದ್ಯುತ್ ಪೂರೈಸುವ ಪೆಟ್ಟಿಗೆಯ ಮೇಲೆ ಹೋಗಬೇಕು. ಮೆಮೊರಿಯನ್ನು ಆಳುವ ಮಂಡಲವೇ ಈಗ ಪ್ರೊಸೆಸರಿನೊಳಗೆ ಕುಳಿತಿದೆ. ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದದ್ದು, ಸಂಶಯ ಬಂದ ದಿನವೇ ಮುಖ್ಯ ಕಡತಗಳನ್ನು ತೆರೆದು ‘ಸೇವ್’ ಮಾಡುವುದನ್ನು ನಿಲ್ಲಿಸಬೇಕು. ಹಳೆಯ ಒಳ್ಳೆಯ ಪ್ರತಿಯ ಮೇಲೆ ಹೊಸ ಕೆಟ್ಟ ಪ್ರತಿ ಕೂರುವುದು ಹಾಗೆಯೇ. ರಿಪೇರಿಯಾದ ಮೇಲೂ ಒಂದು ರಾತ್ರಿ ಪೂರ್ತಿ ಪರೀಕ್ಷೆ ಓಡಲಿ. ಒಂದು ಸುತ್ತು ಪಾಸಾಯಿತೆಂದು ಬಿಟ್ಟಿದ್ದರೆ ಆ ಹುಡುಗ ಇಂದಿಗೂ ಅಪರಾಧಿಯೇ ಆಗಿರುತ್ತಿದ್ದ.

ಯಂತ್ರವೇ ತನ್ನ ತಪ್ಪನ್ನು ತಿಳಿದು ತಿದ್ದಿಕೊಳ್ಳುವ ದಾರಿಯೂ ಇದೆ, ಹೊಸದೇನಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್‌ಗೆ ಕಂಪ್ಯೂಟರು ಸಿಗುತ್ತಿದ್ದದ್ದು ವಾರಾಂತ್ಯದಲ್ಲಿ ಮಾತ್ರ. ತಪ್ಪು ಕಂಡೊಡನೆ ಆ ಯಂತ್ರ ಅವರ ಕೆಲಸವನ್ನು ಕೈಬಿಟ್ಟು ಮುಂದಿನವರ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಏನೂ ಆಗಿಲ್ಲ. ತಪ್ಪಿದೆ ಎಂದು ಹೇಳಬಲ್ಲ ಯಂತ್ರ, ಎಲ್ಲಿದೆ ಎಂದು ಹೇಳಿ ತಿದ್ದಿಕೊಳ್ಳಲು ಏಕಾಗದೆಂದು ಅವರು ಯೋಚಿಸಿದರು. ಆ ಯೋಚನೆ 1950ರಲ್ಲಿ ಲೇಖನವಾಯಿತು. ಇಂದು ಬ್ಯಾಂಕು, ಆಸ್ಪತ್ರೆಗಳ ಸರ್ವರುಗಳಲ್ಲಿ ಬಳಸುವ ಇಸಿಸಿ ಮೆಮೊರಿ ಅದೇ ವಂಶದ್ದು. 64 ಬಿಟ್‌ಗಳಿಗೆ 8 ಕಾವಲು ಬಿಟ್‌ಗಳು ಸಾಮಾನ್ಯವಾಗಿ ಜೊತೆಗಿರುತ್ತವೆ. ಒಂದು ಬಿಟ್ ತಪ್ಪಿದರೆ ತಿದ್ದುತ್ತವೆ, ಎರಡು ತಪ್ಪಿದರೆ ಎಚ್ಚರಿಸುತ್ತವೆ. ಮನೆಯ, ಅಂಗಡಿಯ ಸಾಮಾನ್ಯ ಕಂಪ್ಯೂಟರುಗಳಲ್ಲಿ ಬಹುಪಾಲು ಈ ಕಾವಲು ಇಲ್ಲ. ಡಿಡಿಆರ್5 ಚಿಪ್ಪುಗಳ ಒಳಗೆ ಸ್ವಲ್ಪ ಇದೆ, ಆದರೆ ಅದು ಚಿಪ್ಪಿನ ಹೊಸಿಲು ದಾಟಿ ಬರುವ ದಾರಿಯನ್ನು ಕಾಯುವುದಿಲ್ಲ.

ಗಮನಿಸಿದರೆ, ಹ್ಯಾಮಿಂಗ್‌ನ ಕಾವಲು ಬಿಟ್‌ಗಳು ಮಾಡುವುದೂ ಸಂಘದ ಅಧ್ಯಕ್ಷೆ ಮಾಡಿದ್ದೂ ಮೂಲದಲ್ಲಿ ಒಂದೇ. ಹೇಳಬೇಕಾದದ್ದನ್ನು ಹೇಳಿ, ಜೊತೆಗೆ ಅದನ್ನು ತಾಳೆ ನೋಡಲು ಸ್ವಲ್ಪ ಹೆಚ್ಚಿಗೆ ಬರೆದಿಡುವುದು. ಸ್ಕಾರ್‌ಬೆಕ್‌ನ 4,096 ಸಿಕ್ಕಿದ್ದು ಮೊತ್ತಕ್ಕೆ ತಾಳೆಯಾಗದ್ದರಿಂದ, ಇಲ್ಲಿಯ 8,000 ಸಿಕ್ಕಿದ್ದೂ ಅದರಿಂದಲೇ. ಪಟ್ಟಿಯ ಕೊನೆಗೆ ಕೈಯಾರೆ ಕೂಡಿದ ಒಂದು ಮೊತ್ತ ಬರೆಯಲು ಅರ್ಧ ನಿಮಿಷ ಸಾಕು. ತಾಳೆಯಾಗದಿದ್ದ ದಿನ ಪಕ್ಕದಲ್ಲಿ ಕುಳಿತವನ ಮೇಲೆ ಕೂಗಾಡುವ ಮೊದಲು ಆ ವ್ಯತ್ಯಾಸವನ್ನೊಮ್ಮೆ ನೋಡಿ. ಅದರಲ್ಲಿ ಎಂಟೋ, ಹದಿನಾರೋ, ನಾಲ್ಕು ಸಾವಿರದ ತೊಂಬತ್ತಾರೋ ಕಂಡರೆ, ಯಂತ್ರದ ಮುಚ್ಚಳ ತೆಗೆದು ನೋಡುವ ಹೊತ್ತು ಬಂದಿದೆ ಎಂದು ತಿಳಿಯಿರಿ.